‘ಗಾನ್ ಗರ್ಲ್’: ಒಂದು ಮಳೆಗಾಲದಲ್ಲಿ ಐದು ಕೈ ದಾಟಿದ ಪುಸ್ತಕ

ಕಳೆದ ಜೂನ್‌ನಲ್ಲಿ ನನ್ನ ಕಪಾಟಿನಿಂದ ಹೊರಟ ಈ ಕಾದಂಬರಿಯ ಪ್ರತಿ ಶಿರಸಿ, ಕಾರವಾರ, ಕುಮಟಾಗಳಲ್ಲಿ ಐದು ಜನರ ಕೈ ದಾಟಿ ನವರಾತ್ರಿಯ ಹೊತ್ತಿಗೆ ಮನೆಗೆ ಮರಳಿತು. ಮಳೆಗಾಲದ ತೇವಕ್ಕೆ ಪುಟಗಳು ಉಬ್ಬಿ ಪುಸ್ತಕ ಮೊದಲಿಗಿಂತ ದಪ್ಪವಾಗಿತ್ತು, ರಟ್ಟಿನ ಒಳಬದಿಗೆ ಬೂಷ್ಟು ಹಿಡಿದಿತ್ತು. ಎರಡನೆಯ ಭಾಗ ಆರಂಭವಾಗುವ ಪುಟದ ಅಂಚಿನಲ್ಲಿ ಯಾರೋ ಪೆನ್ಸಿಲ್ಲಿನಿಂದ ‘ಅಯ್ಯೋ ಮಾರಾಯ್ತಿ’ ಎಂದು ಬರೆದು ಕೆಳಗೆ ಎರಡು ಗೆರೆ ಎಳೆದಿದ್ದರು. ಅಕ್ಷರ ನಮ್ಮ ಅತ್ತಿಗೆಯದೆಂದು ನೋಡಿದೊಡನೆ ತಿಳಿಯಿತು. ಓದಿದ ಐವರಲ್ಲಿ ನಾಲ್ವರು ಪುಸ್ತಕವನ್ನು ಮೆಚ್ಚಿಯೂ ಒಂದೇ ದೂರು ಹೇಳಿದರು: ಕೊನೆ ಸರಿಯಾಗಿಲ್ಲ. ಕಾದಂಬರಿಯಲ್ಲಿ ದೋಷವಿದೆ ಎಂಬುದನ್ನು ನಾನೂ ಒಪ್ಪುತ್ತೇನೆ, ಆದರೆ ಅದು ಕೊನೆಯಲ್ಲಿಲ್ಲ.

ಗಿಲಿಯನ್ ಫ್ಲಿನ್ ಎಂಬ ಅಮೆರಿಕದ ಲೇಖಕಿಯ ಮೂರನೆಯ ಕಾದಂಬರಿ ಇದು. 2012ರಲ್ಲಿ ಪ್ರಕಟವಾಯಿತು, 2014ರಲ್ಲಿ ಡೇವಿಡ್ ಫಿಂಚರ್ ನಿರ್ದೇಶನದಲ್ಲಿ ಸಿನಿಮಾ ಆಯಿತು, ಅದರ ಚಿತ್ರಕಥೆಯನ್ನೂ ಲೇಖಕಿಯೇ ಬರೆದರು. ನಿಕ್ ಮತ್ತು ಏಮಿ ನ್ಯೂಯಾರ್ಕಿನಲ್ಲಿ ಬರವಣಿಗೆಯಿಂದಲೇ ಬದುಕುತ್ತಿದ್ದ ದಂಪತಿ. ಆರ್ಥಿಕ ಕುಸಿತದಲ್ಲಿ ಇಬ್ಬರ ಕೆಲಸವೂ ಹೋಗಿ, ನಿಕ್‌ನ ತಾಯಿಗೆ ಕಾಯಿಲೆಯಾಗಿ, ಮಿಸೌರಿ ರಾಜ್ಯದಲ್ಲಿ ಮಿಸಿಸಿಪ್ಪಿ ನದಿಯ ದಂಡೆಯಲ್ಲಿರುವ ಅವನ ಹುಟ್ಟೂರಿಗೆ ಬಂದು ನೆಲೆಸುತ್ತಾರೆ. ಹೆಂಡತಿಯ 80,000 ಡಾಲರ್ ಹಣದಿಂದ ನಿಕ್ ತನ್ನ ಅವಳಿ ತಂಗಿಯೊಂದಿಗೆ ಬಾರೊಂದನ್ನು ತೆರೆಯುತ್ತಾನೆ. ಐದನೆಯ ವಿವಾಹ ವಾರ್ಷಿಕೋತ್ಸವದ ದಿನ ಏಮಿ ಕಾಣೆಯಾಗುತ್ತಾಳೆ. ಮನೆಯಲ್ಲಿ ಹೊಡೆದಾಟ ನಡೆದ ಗುರುತುಗಳಿವೆ, ಅಡುಗೆಮನೆಯಲ್ಲಿ ಒರೆಸಿ ತೆಗೆದ ರಕ್ತವಿದೆ, ಗಂಡನ ಮುಖದಲ್ಲಿ ಇರಬೇಕಾದಷ್ಟು ದುಃಖವಿಲ್ಲ. ಊರಿಗೆ ಊರೇ, ಟೀವಿಯವರ ಸಮೇತ, ಅವನೇ ಕೊಂದಿದ್ದಾನೆಂದು ತೀರ್ಮಾನಿಸಿಬಿಡುತ್ತದೆ.

ಕಥೆಯನ್ನು ಒಂದು ಅಧ್ಯಾಯ ನಿಕ್ ಹೇಳಿದರೆ ಮುಂದಿನದನ್ನು ಏಮಿಯ ದಿನಚರಿ ಹೇಳುತ್ತದೆ. ನಿಕ್‌ನ ಮಾತು ಅವಳು ಕಾಣೆಯಾದ ದಿನದಿಂದ ಮುಂದಕ್ಕೆ ಸಾಗುತ್ತದೆ. ದಿನಚರಿ ಅವರಿಬ್ಬರೂ ಮೊದಲು ಭೇಟಿಯಾದ 2005ರ ಜನವರಿಯಿಂದ ಹೊರಟು ಆ ದಿನದ ಕಡೆಗೆ ಬರುತ್ತದೆ. ಮಳೆಗಾಲದಲ್ಲಿ ಬಯಲಾಟ ನಿಂತು ಸಭಾಭವನಗಳಲ್ಲಿ ವೇಷ, ಕುಣಿತಗಳಿಲ್ಲದೆ ಕುಳಿತು ಮಾತಿನಲ್ಲೇ ಪಾತ್ರ ಕಟ್ಟುವ ತಾಳಮದ್ದಳೆ ನಡೆಯುವ ನಮ್ಮ ಕಡೆಯ ಓದುಗರಿಗೆ ಈ ಬಗೆ ಹೊಸದೇನಲ್ಲ. ವಾಲಿವಧೆಯ ಪ್ರಸಂಗದಲ್ಲಿ ಒಳ್ಳೆಯ ಅರ್ಥಧಾರಿ ವಾಲಿಯಾಗಿ ಕುಳಿತರೆ, ಮರೆಯಲ್ಲಿ ನಿಂತು ಬಾಣ ಬಿಟ್ಟ ರಾಮನದೇ ತಪ್ಪೆಂದು ಅರ್ಧ ಗಂಟೆಯಲ್ಲಿ ಸಭೆ ಒಪ್ಪಿಕೊಂಡಿರುತ್ತದೆ. ಆಮೇಲೆ ರಾಮ ಬಾಯಿ ತೆರೆದಾಗ ಅದೇ ಸಭೆ ತೂಗಾಡಲು ಶುರುವಾಗುತ್ತದೆ. ಆದರೆ ಅಲ್ಲಿ ವಾಲಿಯ ಮಾತನ್ನು ರಾಮ ಎದುರು ಕುಳಿತು ಕೇಳುತ್ತಾನೆ, ಕೇಳಿದ್ದಕ್ಕೇ ಉತ್ತರಿಸುತ್ತಾನೆ. ಈ ದಂಪತಿ ಪರಸ್ಪರರ ಮಾತನ್ನು ಕೇಳುವುದೇ ಇಲ್ಲ. ಇಬ್ಬರೂ ನಮ್ಮ ಕಡೆಗೇ ಮುಖ ಮಾಡಿ ವಾದಿಸುತ್ತಾರೆ. ನಿಕ್ ತಾನು ಪೊಲೀಸರಿಗೆ ಹೇಳಿದ ಸುಳ್ಳುಗಳನ್ನು ನಮ್ಮೆದುರು ಎಣಿಸಿ ತೋರಿಸುತ್ತಾನೆ. ಇಷ್ಟು ಪ್ರಾಮಾಣಿಕವಾಗಿ ಎಣಿಸುವವನು ನಮ್ಮಿಂದ ಏನನ್ನೂ ಮುಚ್ಚಿಡಲಾರನೆಂದು ನಂಬಿ ಕುಳಿತಿರುವಾಗ, ಅವನಿಗೆ ಇನ್ನೊಬ್ಬಳು ಇದ್ದಾಳೆಂಬ ಸಂಗತಿ ಬಹಳ ತಡವಾಗಿ ಹೊರಬೀಳುತ್ತದೆ. ಸುಳ್ಳನ್ನು ಲೆಕ್ಕ ಕೊಟ್ಟು ಹೇಳಿಸಿ, ಆ ಲೆಕ್ಕದ ಮರೆಯಲ್ಲಿ ದೊಡ್ಡ ಸುಳ್ಳನ್ನು ದಾಟಿಸುವ ಈ ಕೈಚಳಕಕ್ಕೆ ನಾನು ಎರಡನೆಯ ಓದಿನಲ್ಲೂ ಮರುಳಾದೆ.

ಇಲ್ಲಿಂದ ಮುಂದೆ ಕಥೆಯ ಗುಟ್ಟು ರಟ್ಟಾಗುತ್ತದೆ. ಪುಸ್ತಕ ಓದುವ ಮನಸ್ಸಿದ್ದವರು ಇಲ್ಲಿಗೇ ನಿಲ್ಲಿಸುವುದು ಒಳ್ಳೆಯದು.

ಏಮಿ ಸತ್ತಿಲ್ಲ, ದಿನಚರಿ ನಿಜವಲ್ಲ. ಗಂಡನನ್ನು ಕೊಲೆಯ ಆರೋಪದಲ್ಲಿ ಸಿಕ್ಕಿಸಲೆಂದೇ ಅವಳು ಹಳೆಯ ತಾರೀಖುಗಳನ್ನು ಹಾಕಿ, ಪ್ರೀತಿಯಿಂದ ಆರಂಭಿಸಿ, ಮೆಲ್ಲಮೆಲ್ಲನೆ ಭಯಕ್ಕೆ ತಿರುಗುವಂತೆ ಅದನ್ನು ಬರೆದಿಟ್ಟಿದ್ದಾಳೆ. ಅತ್ತಿಗೆಯ ಪೆನ್ಸಿಲ್ ಗೆರೆ ಬಿದ್ದದ್ದು ಇಲ್ಲಿ. ನೂರಾರು ಪುಟ ತಾನು ಮರುಗಿದ ಹೆಣ್ಣು ಇರಲೇ ಇಲ್ಲ ಎಂಬುದು ಅವರಿಗೆ ಕೊಲೆಗಿಂತ ದೊಡ್ಡ ಮೋಸವಾಗಿ ಕಂಡಿತು. ಎರಡು ದಿನ ಪುಸ್ತಕವನ್ನು ಮುಟ್ಟದೆ ಫ್ರಿಜ್ಜಿನ ಮೇಲೆ ಇಟ್ಟಿದ್ದರಂತೆ. ಕಾಲೇಜಿನಲ್ಲಿ ಓದುತ್ತಿರುವ ಅವರ ಮಗಳು ಮಾತ್ರ ದಿನಚರಿ ಯಾರೋ ಓದಲಿ ಎಂದು ಬರೆದಂತಿದೆ ಎಂದು ಮೊದಲೇ ಸಂಶಯಪಟ್ಟಿದ್ದಳು. ನಮ್ಮ ಪಕ್ಕದ ಮನೆಯ ಮಾಸ್ತರರು ಮೊದಲ ಭಾಗ ನಿಧಾನ, ಕೊನೆ ಸರಿಯಿಲ್ಲ ಎಂದರು, ಅದಕ್ಕಿಂತ ಹೆಚ್ಚು ಹೇಳಲಿಲ್ಲ.

ಒಂದು ಅಂಶವನ್ನು ಇಲ್ಲಿ ಹತ್ತಿರದಿಂದ ನೋಡಬೇಕು. ಪ್ರತಿ ವಾರ್ಷಿಕೋತ್ಸವಕ್ಕೂ ಏಮಿ ಗಂಡನಿಗಾಗಿ ನಿಧಿ ಹುಡುಕುವ ಆಟವೊಂದನ್ನು ಕಟ್ಟುತ್ತಾಳೆ: ಪ್ರಾಸಬದ್ಧ ಸುಳಿವುಗಳು, ಒಂದೊಂದೂ ಅವರಿಬ್ಬರ ಯಾವುದೋ ನೆನಪಿನ ಜಾಗಕ್ಕೆ ಕರೆದೊಯ್ಯುವಂಥವು. ನಿಕ್ ಪ್ರತಿ ವರ್ಷವೂ ಸೋಲುತ್ತಾನೆ, ಏಕೆಂದರೆ ಅವಳು ನೆನಪಿಟ್ಟದ್ದನ್ನು ಅವನು ನೆನಪಿಟ್ಟಿರುವುದಿಲ್ಲ. ಐದನೆಯ ವರ್ಷ ಅವಳು ಇಲ್ಲದಿರುವಾಗ ಅವನು ಮೊದಲ ಬಾರಿಗೆ ಸುಳಿವುಗಳನ್ನು ಬಿಡಿಸುತ್ತಾನೆ, ಮತ್ತು ಬಿಡಿಸಿದ ಪ್ರತಿ ಸುಳಿವೂ ಅವನ ಕುತ್ತಿಗೆಯ ಹಗ್ಗವನ್ನು ಒಂದು ಸುತ್ತು ಬಿಗಿಗೊಳಿಸುತ್ತದೆ. ಅಮೆರಿಕದ ರೂಢಿಯಲ್ಲಿ ಐದನೆಯ ವರ್ಷದ ಉಡುಗೊರೆ ಮರದ್ದಾಗಿರಬೇಕು. ಕೊನೆಯ ಸುಳಿವು ಅವನನ್ನು ತಂಗಿಯ ಮನೆಯ ಕಟ್ಟಿಗೆ ಕೊಟ್ಟಿಗೆಗೆ ತಂದು ನಿಲ್ಲಿಸುತ್ತದೆ. ಒಳಗೆ ಅವನ ಹೆಸರಿನ ಕ್ರೆಡಿಟ್ ಕಾರ್ಡುಗಳಲ್ಲಿ ಅವನಿಗೇ ತಿಳಿಯದೆ ಕೊಂಡ ದುಬಾರಿ ಸಾಮಾನುಗಳ ರಾಶಿ, ಜೊತೆಗೆ ಗಂಡ ಹೆಂಡತಿಯನ್ನು ಬಡಿಯುವ ಹಳೆಯ ಬೊಂಬೆಯಾಟದ ಮರದ ಗೊಂಬೆಗಳು. ಗಂಡ ಹೆಂಡತಿಯ ಮಾತನ್ನು ಗಮನವಿಟ್ಟು ಓದಿದ ಮೊದಲ ಸಲವೇ ಸಿಕ್ಕಿಬೀಳುತ್ತಾನೆ. ಈ ಕಾದಂಬರಿಯ ಅತ್ಯುತ್ತಮ ಭಾಗ ಇದು. ಬರಿಯ ತಿರುವುಗಳ ಮೇಲೆ ನಿಲ್ಲುವ ಪುಸ್ತಕವಾಗಿದ್ದರೆ ಇದನ್ನು ಎರಡನೆಯ ಬಾರಿ ಓದುವ ಅಗತ್ಯ ಯಾರಿಗೂ ಬರುತ್ತಿರಲಿಲ್ಲ.

ಕಾರವಾರದ ಜಿಲ್ಲಾ ನ್ಯಾಯಾಲಯದಲ್ಲಿ ಬಹುಕಾಲ ವಕೀಲಿ ಮಾಡಿ ನಿವೃತ್ತರಾದ ನನ್ನ ದೊಡ್ಡಪ್ಪ ಪುಸ್ತಕವನ್ನು ಕಡತದಂತೆ ಓದಿದರು. ಅಮೆರಿಕದ ಕಾನೂನು ಹಾಗಿರಲಿ, ಇದೇ ಪ್ರಕರಣ ನಮ್ಮಲ್ಲಿ ನಡೆದಿದ್ದರೆ ಆ ಡೈರಿಗೆ ಇನ್ನೂ ಹೆಚ್ಚಿನ ಬಲ ಬರುತ್ತಿತ್ತು ಎಂದು ಅವರು ಫೋನಿನಲ್ಲಿ ಮುಕ್ಕಾಲು ಗಂಟೆ ವಿವರಿಸಿದರು. 1872ರ ಸಾಕ್ಷ್ಯ ಅಧಿನಿಯಮದ 32ನೆಯ ಕಲಮು, ಈಗಿನ 2023ರ ಭಾರತೀಯ ಸಾಕ್ಷ್ಯ ಅಧಿನಿಯಮದ 26ನೆಯದು, ಸತ್ತ ವ್ಯಕ್ತಿ ತನ್ನ ಸಾವಿಗೆ ದಾರಿಯಾದ ಸಂದರ್ಭಗಳ ಬಗ್ಗೆ ಬರೆದಿಟ್ಟ ಮಾತನ್ನು ಸಾಕ್ಷ್ಯವಾಗಿ ಒಪ್ಪುತ್ತದೆ; ಬರೆಯುವಾಗ ಸಾವು ಎದುರಿಗಿರಬೇಕೆಂಬ ನಿಯಮ ನಮ್ಮಲ್ಲಿಲ್ಲ. ಮದುವೆಯಾಗಿ ಏಳು ವರ್ಷದೊಳಗೆ ಹೆಂಡತಿ ಅಸಹಜವಾಗಿ ಸತ್ತರೆ ತಹಶೀಲ್ದಾರರೋ ಉಪವಿಭಾಗಾಧಿಕಾರಿಗಳೋ ಪಂಚನಾಮೆಗೆ ಬರುತ್ತಾರೆ. ಇವರದು ಐದೇ ವರ್ಷದ ಮದುವೆ. ಆದರೆ ಹೆಂಡತಿ ಬರೆದ ಪತ್ರಗಳನ್ನು ಮುಂದಿಟ್ಟು ಗಂಡನ ಮೇಲೆ ಹೊರಿಸಿದ ಕೊಲೆ ಆರೋಪವನ್ನು ಸುಪ್ರೀಂ ಕೋರ್ಟ್ 1984ರಲ್ಲಿ ತಳ್ಳಿಹಾಕಿ ಅವನನ್ನು ಬಿಡುಗಡೆ ಮಾಡಿದ್ದೂ ಉಂಟು. ಸಾಂದರ್ಭಿಕ ಸಾಕ್ಷ್ಯದ ಸರಪಳಿಯಲ್ಲಿ ಒಂದು ಕೊಂಡಿಯೂ ತಪ್ಪಿರಬಾರದೆಂದು ಆ ತೀರ್ಪು ಹೇಳುತ್ತದೆ. ‘ಹೆಣ ಸಿಗದೆ ಡೈರಿಯನ್ನು ಯಾರು ನಂಬ್ತಾರೆ? ಅದೂ ಅರ್ಧ ಸುಟ್ಟ ಡೈರಿ! ಸುಡುವವ ಪೂರ್ತಿ ಸುಡದೆ ಯಾಕೆ ಬಿಟ್ಟ ಅಂತ ಒಬ್ಬನಾದರೂ ಕೇಳಬೇಕಿತ್ತು’ ಎಂಬುದು ಅವರ ಆಕ್ಷೇಪ.

ಈ ಆಕ್ಷೇಪ ನನ್ನ ಅಸಮಾಧಾನಕ್ಕೆ ಹತ್ತಿರದ್ದು. ಮೊದಲೆರಡು ಭಾಗಗಳಲ್ಲಿ ಒಂದು ಬಿಲ್ಲನ್ನೂ ಬಿಡದೆ ಕೆದಕುವ ಪೊಲೀಸರು, ಏಮಿ ತನ್ನ ಹಳೆಯ ಪ್ರೇಮಿ ಡೆಸಿಯನ್ನು ಕೊಂದು, ಅವನೇ ಅಪಹರಿಸಿ ಅತ್ಯಾಚಾರ ಮಾಡಿದನೆಂಬ ಕಥೆ ಹೊತ್ತು ರಕ್ತಸಿಕ್ತಳಾಗಿ ಮನೆಗೆ ಬಂದಾಗ, ಹೆಚ್ಚು ಪ್ರಶ್ನೆಯಿಲ್ಲದೆ ನಂಬುತ್ತಾರೆ. ಬೋನಿ ಎಂಬ ಪತ್ತೇದಾರಿಣಿಗೆ ಮಾತ್ರ ಅನುಮಾನ ಉಳಿಯುತ್ತದೆ, ಅವಳ ಬಾಯನ್ನು ಮೇಲಿನವರು ಮುಚ್ಚಿಸುತ್ತಾರೆ. ಸಿನಿಮಾದಲ್ಲಂತೂ ಡೆಸಿಯ ಮನೆಯ ತುಂಬ ಕ್ಯಾಮೆರಾಗಳಿವೆ. ಅವಳು ತಾನಾಗಿಯೇ ಒಳಗೆ ಬಂದ ದಿನದ ದೃಶ್ಯವನ್ನು ಯಾರೂ ತೆಗೆದು ನೋಡುವುದಿಲ್ಲ. ಡೆಸಿಯೂ ಸಾಯಲೆಂದೇ ಬಂದ ಪಾತ್ರ. ಸರೋವರದ ದಂಡೆಯ ಆ ಮನೆಯ ಪುಟಗಳಲ್ಲಿ ಲೇಖಕಿಗೆ ಆತುರವಿತ್ತು ಎಂಬುದು ಸ್ಪಷ್ಟವಾಗಿ ಕಾಣುತ್ತದೆ, ಪುಸ್ತಕದ ನಿಜವಾದ ದೋಷ ಅದು.

ಹೆಣ್ಣುಮಕ್ಕಳು ಸುಳ್ಳು ಆರೋಪ ಹೊರಿಸುತ್ತಾರೆಂಬ ಮಾತಿಗೆ ಈ ಕಥೆ ಇಂಬು ಕೊಡುತ್ತದೆ ಎಂಬ ಟೀಕೆ ಪುಸ್ತಕ ಬಂದಾಗಿನಿಂದ ಇದೆ. ಅತ್ತಿಗೆಯ ಮಗಳು ಅದನ್ನೇ ಹೇಳಿದಳು, ಅವಳ ಮಾತನ್ನು ನಾನು ತಳ್ಳಿಹಾಕಲಾರೆ. ಆದರೆ ಗಂಡಸರ ಮೆಚ್ಚುಗೆಗಾಗಿ ಎಲ್ಲದಕ್ಕೂ ನಗುತ್ತ ‘ನನಗೇನೂ ಬೇಸರವಿಲ್ಲ’ ಎನ್ನುವ ಹುಡುಗಿಯ ಬಗ್ಗೆ ಏಮಿ ಮಾಡುವ ದೀರ್ಘ ವಾಗ್ದಾಳಿಯ ಪುಟಗಳಲ್ಲಿ ಅತಿ ಹೆಚ್ಚು ಪೆನ್ಸಿಲ್ ಗೆರೆ ಇರುವುದೂ ಅವಳದೇ. ಕೊಲೆಗಾತಿಯ ಬಾಯಲ್ಲಿ ಬಂದ ಸರಿಯಾದ ಮಾತನ್ನು ಏನು ಮಾಡಬೇಕೆಂದು ತಿಳಿಯದೆ ಓದುಗ ತೊಳಲಾಡುವುದು ಈ ಪುಸ್ತಕದಲ್ಲಿ ಒಂದೆರಡು ಕಡೆಯಲ್ಲ.

ಇನ್ನು ಕೊನೆಯ ವಿಷಯ. ಏಮಿ ಸಿಕ್ಕಿಬೀಳುವುದಿಲ್ಲ. ಅವಳ ಗುಟ್ಟನ್ನೆಲ್ಲ ಬರೆದಿಟ್ಟ ನಿಕ್, ಅವಳು ಬಸುರಿಯೆಂದು ತಿಳಿದ ಮೇಲೆ ಬರೆದದ್ದನ್ನು ಅಳಿಸಿ ಅವಳೊಂದಿಗೇ ಉಳಿಯುತ್ತಾನೆ. ಅತ್ತಿಗೆಗೆ ಇದು ಅನ್ಯಾಯವಾಗಿ ಕಂಡಿತು, ದೊಡ್ಡಪ್ಪನಿಗೆ ತೀರ್ಪಿಲ್ಲದೆ ಮುಚ್ಚಿದ ಕಡತವಾಗಿ ಕಂಡಿತು. ಕುಮಟಾದ ನನ್ನ ಚಿಕ್ಕಮ್ಮ ಒಬ್ಬರೇ ಕೊನೆಯನ್ನು ಓದಿ ನಕ್ಕರು. ಸಂಸಾರ ಕೆಟ್ಟ ಎಷ್ಟೋ ಮನೆಗಳ ಜಗಲಿಯಲ್ಲಿ ಹಿರಿಯರ ನಡುವೆ ಕುಳಿತು ಮಾತಾಡಿದವರು ಅವರು. ಅಲ್ಲಿ ಚಹಾ ಮುಗಿಯುವ ಹೊತ್ತಿಗೆ ಯಾರಾದರೊಬ್ಬರು ಹೇಳಿಯೇ ಹೇಳುವ ಮಾತೊಂದಿದೆ, ‘ಮಗುವಿನ ಮುಖ ನೋಡಿ ಹೊಂದಿಕೊಂಡು ಹೋಗಿ’ ಎಂದು. ‘ಇಷ್ಟೆಲ್ಲ ಓದಿಸಿ ಆ ಮಾರಾಯ್ತಿ ಕಡೆಗೆ ಹೇಳಿದ್ದು ನಾವು ಹೇಳುವುದನ್ನೇ ಅಲ್ಲವಾ’ ಎಂದರು ಚಿಕ್ಕಮ್ಮ. ನನಗೂ ಹಾಗೆಯೇ ಅನ್ನಿಸಿತು. ಯಾರು ಕೊಂದರು ಎಂದು ಆರಂಭವಾದ ಕಥೆ, ಯಾಕೆ ಬಿಟ್ಟು ಹೋಗುವುದಿಲ್ಲ ಎಂಬಲ್ಲಿಗೆ ತಲುಪುತ್ತದೆ. ಕೊನೆಯ ಪುಟದಲ್ಲಿ ಪೊಲೀಸರು ಬಂದು ಕೋಳ ತೊಡಿಸಿದ್ದರೆ ನಾಲ್ವರಿಗೂ ನೆಮ್ಮದಿಯಾಗುತ್ತಿತ್ತು, ಪುಸ್ತಕ ಮಾತ್ರ ಸಾಮಾನ್ಯ ಪತ್ತೇದಾರಿ ಕಾದಂಬರಿಗಳ ಸಾಲಿಗೆ ಸೇರಿಬಿಡುತ್ತಿತ್ತು.

ಕೊಳ್ಳುವವರಿಗೆ ಎರಡು ಮಾತು. ಪುಸ್ತಕ ನಾನೂರಕ್ಕೂ ಮಿಕ್ಕಿದ ಪುಟಗಳದು, ನನ್ನ ಪ್ರತಿಯಲ್ಲಿ ಅಕ್ಷರ ಸಣ್ಣದು, ದೊಡ್ಡಪ್ಪ ಭೂತಗನ್ನಡಿ ಹಿಡಿದೇ ಓದಿದರು. ಇಂಗ್ಲಿಷ್ ಕಠಿಣವಲ್ಲ, ಆದರೆ ಬೈಗುಳ ಧಾರಾಳವಾಗಿದೆ. ಮನೆಯಲ್ಲಿ ಎಲ್ಲರ ಕೈಗೂ ಕೊಡುವ ಪುಸ್ತಕವಲ್ಲ. ಸಿನಿಮಾದಲ್ಲಿ ರೋಸಮಂಡ್ ಪೈಕ್ ಅವರ ಅಭಿನಯ ಆಸ್ಕರ್ ನಾಮನಿರ್ದೇಶನಕ್ಕೆ ತಕ್ಕದ್ದೇ, ಆದರೂ ದಿನಚರಿಯ ಮೋಸಕ್ಕೆ ಸಿಕ್ಕುವ ಅನುಭವ ಪುಟದ ಮೇಲೆ ಮಾತ್ರ ಪೂರ್ತಿಯಾಗಿ ಸಿಗುತ್ತದೆ, ಆದ್ದರಿಂದ ಓದಿದ ಮೇಲೆಯೇ ನೋಡಬೇಕು.

ಬಿಸಿಲಿಗೆ ಹಾಕಿ ಬೂಷ್ಟು ಒರೆಸಿದ ಪ್ರತಿ ಈಗ ಆರನೆಯ ಕೈಯಲ್ಲಿದೆ. ನಮ್ಮ ಮನೆಯವರು ನೂರಿಪ್ಪತ್ತನೆಯ ಪುಟದವರೆಗೆ ಬಂದಿದ್ದಾರೆ. ಏಮಿಯಂಥ ಸಾಧು ಹೆಂಡತಿ ಆ ನಿಕ್‌ಗೆ ಸಿಗಬಾರದಿತ್ತು ಎಂದು ನಿನ್ನೆ ರಾತ್ರಿ ಊಟಕ್ಕೆ ಕುಳಿತಾಗ ಮರುಗಿದರು. ನಾನು ಸಾರು ಬಡಿಸಿದೆ, ಏನೂ ಹೇಳಲಿಲ್ಲ.