ಔಟ್‌ಬೋರ್ಡ್ ಇಂಜಿನ್‌ಗೆ ಹೈಡ್ರೋಫಾಯಿಲ್ ಹಾಕಿಸುವ ಮುಂಚೆ ಇದನ್ನು ಓದಿ

ಡ್ರಿಲ್ ಹಿಡಿದು ಬಂದವನನ್ನು ದಯವಿಟ್ಟು ಇಂಜಿನ್ ಹತ್ತಿರ ಬಿಡಬೇಡಿ. ನಾನು ಬಿಟ್ಟೆ. ಮೆಣಸು ಮಾರಿದ ದುಡ್ಡಲ್ಲಿ 9,000 ರೂಪಾಯಿ ಹೋಯಿತು, ಇಂಜಿನ್ನೂ ಹಾಳಾಯಿತು.

ಹಾರಂಗಿ ಹಿನ್ನೀರಿನ ಹತ್ತಿರ ನಮ್ಮ ತೋಟ. 14 ಅಡಿಯ ಫೈಬರ್ ಬೋಟ್, 15 ಎಚ್‌ಪಿ ಔಟ್‌ಬೋರ್ಡ್, ಅಂದರೆ ಬೋಟಿನ ಹಿಂಭಾಗಕ್ಕೆ ಹೊರಗಿನಿಂದ ಸಿಕ್ಕಿಸುವ ಇಂಜಿನ್. ಗಾಳ ಹಾಕೋದಕ್ಕೆ ಅಂತಲೇ ತಂದಿದ್ದು. ಹಿಂದೆ ಇಬ್ಬರು ಕೂತರೆ ಬೋಟಿನ ಮೂತಿ ಮೇಲೆದ್ದು ಮುಂದಿನ ನೀರೇ ಕಾಣುತ್ತಿರಲಿಲ್ಲ. ಇದನ್ನು ಮೈಸೂರಿನ ಒಬ್ಬ ಅಂಗಡಿಯವನಿಗೆ ಹೇಳಿದೆ. "ಹೈಡ್ರೋಫಾಯಿಲ್ ಹಾಕ್ಸಿ ಸಾರ್. ಮೂತಿ ಇಳಿಯುತ್ತೆ, ಸ್ಪೀಡೂ ಜಾಸ್ತಿ, ಪೆಟ್ರೋಲೂ ಉಳಿಯುತ್ತೆ" ಅಂದ.

ಅದು ರೆಕ್ಕೆಯಂಥ ಪ್ಲಾಸ್ಟಿಕ್ ತುಂಡು. ಪ್ರೊಪೆಲ್ಲರ್ ಮೇಲೆ ಅಗಲದ ಒಂದು ಪ್ಲೇಟ್ ಇರುತ್ತದಲ್ಲ, ಕ್ಯಾವಿಟೇಷನ್ ಪ್ಲೇಟ್ ಅಂತಾರೆ, ಅದಕ್ಕೆ ಬೋಲ್ಟ್ ಹಾಕಿ ಕೂರಿಸುತ್ತಾರೆ. ನೀರಿನ ಒತ್ತಡಕ್ಕೆ ಬೋಟಿನ ಹಿಂಭಾಗ ಎದ್ದು ಮೂತಿ ಇಳಿಯುತ್ತದೆ. ಅಷ್ಟು ನಿಜ.

ಬಂದವನು ಬೋಟನ್ನು ಒಂದು ಸಲವೂ ಓಡಿಸಿ ನೋಡಲಿಲ್ಲ. ಇಂಜಿನ್ ಎಷ್ಟು ಎತ್ತರಕ್ಕೆ ಕೂತಿದೆ, ಟ್ಯಾಂಕ್ ಎಲ್ಲಿದೆ, ಏನೂ ಕೇಳಲಿಲ್ಲ. ಸೀದಾ ನಾಲ್ಕು ತೂತು ಕೊರೆದ. "ವಾರಂಟಿ ಕಥೆ ಏನು?" ಅಂದೆ. "ಏನೂ ಆಗಲ್ಲ ಸಾರ್, ಎಲ್ಲರೂ ಹಾಕಿಸ್ತಾರೆ."

ಮೂತಿ ಸ್ವಲ್ಪ ಇಳಿಯಿತು. ಆದರೆ ಒಬ್ಬನೇ ಹೋದಾಗ ಫೋನಿನ ಜಿಪಿಎಸ್‌ನಲ್ಲಿ ಗಂಟೆಗೆ 34 ಕಿ.ಮೀ. ತೋರಿಸುತ್ತಿದ್ದ ಬೋಟ್ 29 ದಾಟಲಿಲ್ಲ. ತಿರುಗಿಸುವಾಗ ಹ್ಯಾಂಡಲ್ ಕೈಗೆ ಭಾರ. ಅಂಗಡಿಯವನಿಗೆ ಫೋನ್ ಮಾಡಿದೆ. "ಹೊಸದರಲ್ಲಿ ಹಾಗೇ ಸಾರ್, ಓಡಿಸ್ತಾ ಓಡಿಸ್ತಾ ಸರಿಹೋಗುತ್ತೆ." ಪ್ಲಾಸ್ಟಿಕ್ ತುಂಡು ಓಡಿಸ್ತಾ ಸರಿಹೋಗುತ್ತದಾ? ಎರಡನೇ ಸಲ ಮಾಡಿದಾಗ "ನಿಮ್ಮ ಬೋಟೇ ಸರಿ ಇಲ್ಲ" ಅಂದ.

ಆಮೇಲೆ ಪಕ್ಕದ ತೋಟಕ್ಕೆ ಮಲ್ಪೆ ಕಡೆಯ ಒಬ್ಬರು ಹಿರಿಯ ಮೆಕ್ಯಾನಿಕ್ ಬಂದಿದ್ದರು. ಇಂಜಿನ್ ನೋಡಿದವರೇ, "ಈ ಪಿನ್ ಯಾಕೆ ಇಷ್ಟು ಹೊರಗಿನ ತೂತಲ್ಲಿ ಉಂಟು ಮಾರಾಯ್ರೆ?" ಅಂದರು. ಫಾಯಿಲ್ ಬಿಚ್ಚಿಸಿದರು. ಅವರು ಹೇಳಿದ್ದು ಟಿಲ್ಟ್ ಪಿನ್, ಇಂಜಿನ್ ಎಷ್ಟು ವಾಲಿ ನಿಲ್ಲಬೇಕು ಅಂತ ಹಿಡಿದಿಡುವ ಕಡ್ಡಿ. ಅದನ್ನು ತೆಗೆದು ಎರಡು ತೂತು ಒಳಗೆ, ಬೋಟಿನ ಕಡೆಗೆ ಹಾಕಿದರು. ಪೆಟ್ರೋಲ್ ಟ್ಯಾಂಕ್ ಎತ್ತಿ ಮುಂದಕ್ಕೆ ಇಟ್ಟರು. ಅಷ್ಟೇ. ಹತ್ತು ನಿಮಿಷ. ಒಂದು ರೂಪಾಯಿ ಖರ್ಚಿಲ್ಲ. ಬೋಟ್ ಮೂತಿ ಏಳದೆ ಸಲೀಸಾಗಿ ಹೋಯಿತು. ಮಗ ಪಕ್ಕದಲ್ಲೇ ನಿಂತಿದ್ದ. ನನಗೆ ಅವನ ಮುಖ ನೋಡೋದಕ್ಕೆ ಆಗಲಿಲ್ಲ. ಹತ್ತು ನಿಮಿಷದ ಕೆಲಸಕ್ಕೆ 9,000!

ಬೋಟಿನ ತಳಕ್ಕೆ ನೇರವಾದ ಪಟ್ಟಿ ಹಿಡಿದು ಇನ್ನೊಂದನ್ನೂ ತೋರಿಸಿದರು. ಆ ಕ್ಯಾವಿಟೇಷನ್ ಪ್ಲೇಟ್ ಹೆಚ್ಚುಕಡಿಮೆ ತಳದ ಮಟ್ಟಕ್ಕೆ ಇರಬೇಕಂತೆ. ನಮ್ಮದು ಎರಡು ಇಂಚು ಕೆಳಗಿತ್ತು. ಹಾಗಾಗಿ ಫಾಯಿಲ್ ಯಾವಾಗಲೂ ನೀರೊಳಗೇ ಇದ್ದು ಬ್ರೇಕ್ ಹಿಡಿದ ಹಾಗೆ ಎಳೆಯುತ್ತಿತ್ತು. ಅಂಚಿಗೆ ತೀರಾ ಹತ್ತಿರ ಕೊರೆದ ಒಂದು ತೂತಿನಿಂದ ಕೂದಲೆಳೆಯಷ್ಟು ಬಿರುಕೂ ಬಿಟ್ಟಿತ್ತು. ಇಂಜಿನ್ ಕೊಂಡ ಕಡೆ ಕೇಳಿದರೆ, "ನೀವೇ ಕೊರೆಸಿದ್ದು, ವಾರಂಟಿ ಬರಲ್ಲ" ಅಂದರು. ಅಂಗಡಿಯವನಿಗೆ ಫೋಟೋ ಕಳಿಸಿದೆ. ಅವನ ಉತ್ತರ: "ಹಾಕಿ ಅಂದವರು ನೀವೇ ಅಲ್ವಾ?" ಆಮೇಲೆ ಫೋನೇ ಎತ್ತಲಿಲ್ಲ.

ಮೊದಲು ಪಿನ್, ಭಾರ, ಇಂಜಿನ್ ಎತ್ತರ ನೋಡಿ. ಆಗಲೂ ಫಾಯಿಲ್ ಬೇಕೇ ಬೇಕು ಅನಿಸಿದರೆ ತೂತು ಕೊರೆಯದೆ ಕ್ಲ್ಯಾಂಪ್‌ನಲ್ಲಿ ಕೂರುವಂಥದ್ದು ಸಿಗುತ್ತದೆ, ಅದನ್ನೇ ತಗೊಳ್ಳಿ. ಹಾರಂಗಿ ಕಡೆ ಯಾರಿಗಾದರೂ ಇದೇ ತೊಂದರೆ ಇದ್ದರೆ ನಮ್ಮ ತೋಟಕ್ಕೆ ಬನ್ನಿ. ಪಿನ್ ಎಲ್ಲಿ ಹಾಕಬೇಕು ಅಂತ ನಾನೇ ತೋರಿಸುತ್ತೇನೆ, ದುಡ್ಡು ಬೇಡ.