ತುಕ್ಕು ಬಿಡಿಸುವ ನಾಲ್ಕು ದಾರಿಗಳು: ಒಂದೇ ಕಾರಿನ ಎಂಟು ಕೀಲುಗಳ ಮೇಲೆ

ಹಳೆಯ ಕಾರನ್ನು ಮನೆಯ ಗ್ಯಾರೇಜಿನಲ್ಲಿ ಬಿಚ್ಚಿ ಕೂತವರಿಗೆ ಎಂಜಿನ್ ಕೊಡುವ ಕಾಟ ಕಡಿಮೆಯೇ. ಸಿಲಿಂಡರ್ ಸವೆದಿದ್ದರೆ ಅಳತೆ ಹೇಳುತ್ತದೆ, ಬೇರಿಂಗ್ ಹೋಗಿದ್ದರೆ ಸದ್ದು ಹೇಳುತ್ತದೆ. ತುಕ್ಕು ಮಾತ್ರ ಸುಳಿವು ಕೊಡದೆ ಬಣ್ಣದ ಅಡಿಯಲ್ಲೇ ಹಬ್ಬುತ್ತದೆ. ಅದನ್ನು ಬಿಡಿಸುವ ಬಗ್ಗೆ ನಾಲ್ವರನ್ನು ಕೇಳಿದರೆ ಐದು ಉತ್ತರ ಸಿಗುತ್ತವೆ, ಎಲ್ಲವೂ ಆಣೆ ಪ್ರಮಾಣದೊಂದಿಗೆ.

ವಾದಕ್ಕಿಂತ ಪರೀಕ್ಷೆ ಮೇಲು. ನಾಲ್ಕು ಬಾಗಿಲಿನ ನನ್ನ ಹಳೆಯ ಸೆಡಾನಿನಲ್ಲಿ ಅದಕ್ಕೆ ಹೇಳಿ ಮಾಡಿಸಿದಂಥ ಭಾಗವಿತ್ತು: ಬಾಗಿಲಿನ ಕೀಲುಗಳು. ಒಟ್ಟು ಎಂಟು, ಒಂದೇ ಉಕ್ಕು, ಒಂದೇ ವಯಸ್ಸು, ಹೆಚ್ಚುಕಡಿಮೆ ಒಂದೇ ಪ್ರಮಾಣದ ತುಕ್ಕು. ಎರಡೆರಡನ್ನು ಒಂದೊಂದು ವಿಧಾನಕ್ಕೆ ಒಪ್ಪಿಸಿದೆ: ಗ್ರೈಂಡರಿಗೆ ಸಿಕ್ಕಿಸುವ ತಂತಿ ಬ್ರಷ್, ಸಿಟ್ರಿಕ್ ಆಮ್ಲದ ನೀರು, ವಿದ್ಯುದ್ವಿಭಜನೆ (ಸೋಡಾ ನೀರಿನಲ್ಲಿ ಮುಳುಗಿಸಿ ವಿದ್ಯುತ್ ಹರಿಸುವುದು), ಡಬ್ಬಿಯಲ್ಲಿ ಸಿಗುವ ತುಕ್ಕು ಪರಿವರ್ತಕ. ಎಲ್ಲವನ್ನೂ ಮೊದಲು ಸೀಮೆಎಣ್ಣೆಯಲ್ಲಿ ತೊಳೆದು ಗ್ರೀಸ್ ತೆಗೆದಿದ್ದೆ, ಏಕೆಂದರೆ ಜಿಡ್ಡಿನ ಮೇಲೆ ಯಾವ ನೀರೂ ಕೆಲಸ ಮಾಡುವುದಿಲ್ಲ. ಹೊಳಪನ್ನು ನಾನು ಲೆಕ್ಕಕ್ಕೆ ಹಿಡಿಯಲಿಲ್ಲ. ತುಕ್ಕು ತಿಂದು ಮಾಡಿದ ಸಣ್ಣ ಗುಳಿಗಳ ತಳದಲ್ಲಿ ಏನು ಉಳಿದಿದೆ ಎಂದು ಭೂತಕನ್ನಡಿ ಹಿಡಿದು ನೋಡಿದೆ. ಹೊಸ ಬಣ್ಣದ ಆಯುಷ್ಯ ನಿರ್ಧಾರವಾಗುವುದು ಆ ತಳದಲ್ಲಿ.

ಮೊದಲು ತಂತಿ ಬ್ರಷ್. ವೇಗದಲ್ಲಿ ಇದಕ್ಕೆ ಸಾಟಿಯಿಲ್ಲ. ಕೆಲವೇ ನಿಮಿಷಗಳಲ್ಲಿ ಕೀಲು ಬೆಳ್ಳಿಯಂತೆ ಹೊಳೆಯಿತು, ನೋಡಿದವರೆಲ್ಲ ಇದೇ ಗೆದ್ದಿತು ಎಂದರು. ಭೂತಕನ್ನಡಿ ಬೇರೆಯದನ್ನೇ ತೋರಿಸಿತು. ತಂತಿಯ ತುದಿ ಗುಳಿಯ ಅಂಚನ್ನು ಸವರಿಕೊಂಡು ಹೋಗುತ್ತದೆ, ತಳಕ್ಕೆ ಇಳಿಯುವುದಿಲ್ಲ. ಅಲ್ಲಿರುವ ತುಕ್ಕನ್ನು ಉಜ್ಜಿ ಉಜ್ಜಿ ಕಪ್ಪಗೆ ಹೊಳೆಯುವಂತೆ ಮಾಡುತ್ತದೆ. ಮೇಲೆ ಥಳಕು ಒಳಗೆ ಹುಳುಕು ಎನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ. ಕೀಲಿನ ಎರಡು ಎಲೆಗಳು ಕೂಡುವ ಸಂದಿಗಂತೂ ಅದು ಮುಟ್ಟಲೇ ಇಲ್ಲ.

ಜೊತೆಗೆ ಅಪಾಯ. ಸಣ್ಣ ಗ್ರೈಂಡರ್ ನಿಮಿಷಕ್ಕೆ ಸುಮಾರು 11,000 ಸುತ್ತು ತಿರುಗುತ್ತದೆ. ಬ್ರಷ್ಷಿನ ಮೇಲೆ ಅಚ್ಚಾಗಿರುವ ಗರಿಷ್ಠ ವೇಗ ಅದಕ್ಕಿಂತ ಕಡಿಮೆಯಿದ್ದರೆ ಅದನ್ನು ಸಿಕ್ಕಿಸಲೇಬಾರದು. ಸರಿಯಾದ ಬ್ರಷ್ಷೇ ಆದರೂ ತಂತಿಗಳು ಕಿತ್ತು ಹಾರುತ್ತವೆ, ದಪ್ಪ ಅಂಗಿಯನ್ನೂ ತೂರಿ ಚುಚ್ಚುತ್ತವೆ. ಕನ್ನಡಕ ಸಾಲದು, ಇಡೀ ಮುಖ ಮುಚ್ಚುವ ಕವಚ ಬೇಕು. ಹಳೆಯ ಕಾರಿನ ಬಣ್ಣದಲ್ಲಿ ಸೀಸವಿರುವ ಸಾಧ್ಯತೆ ಇರುವುದರಿಂದ ಮುಖಕ್ಕೆ ಬಟ್ಟೆ ಕಟ್ಟಿಕೊಂಡು ದೂಳೆಬ್ಬಿಸುವ ಶೂರತನವೂ ಬೇಡ. ದೂಳು ಸೋಸುವ ಸರಿಯಾದ ಮಾಸ್ಕ್ ಹಾಕಿಕೊಳ್ಳಿ.

ಸಿಟ್ರಿಕ್ ಆಮ್ಲದ್ದು ಇದಕ್ಕೆ ತದ್ವಿರುದ್ಧ ಸ್ವಭಾವ. ಲೀಟರ್ ನೀರಿಗೆ ಸುಮಾರು 50 ಗ್ರಾಂ ಪುಡಿ, ಒಂದು ಪ್ಲಾಸ್ಟಿಕ್ ಬಕೆಟ್, ಅಷ್ಟೇ. ನೀರು ಬೆಚ್ಚಗಿದ್ದರೆ ಕೆಲಸ ಬೇಗ ಆಗುತ್ತದೆ. ಸಣ್ಣ ಗುಳ್ಳೆಗಳು ಏಳುತ್ತವೆ, ನೀರು ಹಳದಿಗೆ, ಆಮೇಲೆ ಹಸಿರು ಮಿಶ್ರಿತ ಕಂದಿಗೆ ತಿರುಗುತ್ತದೆ. ಮಧ್ಯೆ ಮಧ್ಯೆ ಎತ್ತಿ ಪ್ಲಾಸ್ಟಿಕ್ ಬ್ರಷ್ಷಿನಲ್ಲಿ ತಿಕ್ಕಿ ಮತ್ತೆ ಮುಳುಗಿಸಿದೆ. ರಾತ್ರಿ ಕಳೆದು ಬೆಳಿಗ್ಗೆ ತೆಗೆದಾಗ ಕೀಲು ಹೊಳಪಿಲ್ಲದ ಬೂದು ಬಣ್ಣದಲ್ಲಿತ್ತು. ನೋಡಲು ಸಪ್ಪೆ, ಆದರೆ ಗುಳಿಯ ತಳದಲ್ಲಿ ಬರೀ ಉಕ್ಕು. ಸಂದಿಯೊಳಗೂ ಅಷ್ಟೇ ಚೊಕ್ಕ.

ಈ ಸಂದಿಯೇ ಅದರ ದೌರ್ಬಲ್ಯವೂ ಹೌದು. ತೊಳೆದು ಒರೆಸಿಟ್ಟ ಕೀಲಿನ ಪಿನ್ನಿನ ಬುಡದಿಂದ ಒಂದು ತೆಳುವಾದ ಕಂದು ಗೆರೆ ನಿಧಾನವಾಗಿ ಕೆಳಗಿಳಿಯುತ್ತಿರುವುದನ್ನು ಕಂಡೆ. ಒಳಗೆ ಸಿಕ್ಕಿಕೊಂಡ ಆಮ್ಲ ಮೆಲ್ಲಗೆ ಹೊರಬರುತ್ತಿತ್ತು. ಅದರ ಮೇಲೆ ಬಣ್ಣ ಹೊಡೆದರೆ ಕಥೆ ಮುಗಿದಂತೆ. ಅಡುಗೆ ಸೋಡಾ ಬೆರೆಸಿದ ನೀರಿನಲ್ಲಿ ಕೀಲನ್ನು ಮಡಚಿ ಬಿಚ್ಚಿ ಆಡಿಸಿ, ಬಿಸಿನೀರಿನಲ್ಲಿ ಜಾಲಾಡಿ, ಹೀಟ್ ಗನ್ನಿನಿಂದ ಒಣಗಿಸಿದ ಮೇಲೆ ಅದು ನಿಂತಿತು. ಇನ್ನೊಂದು ಎಚ್ಚರಿಕೆ: ಆಮ್ಲಕ್ಕೆ ತುಕ್ಕು ಮುಗಿಯಿತು, ನಿಲ್ಲಿಸೋಣ ಎಂಬ ವಿವೇಕವಿಲ್ಲ. ಬಕೆಟ್ಟನ್ನು ಮರೆತರೆ ಉಕ್ಕನ್ನೇ ತಿನ್ನುತ್ತದೆ. ಸತುವಿನ ಲೇಪನವನ್ನು ಬೇಗನೆ ಕರಗಿಸುತ್ತದೆ. ಸತುವಿನ ಮಿಶ್ರಲೋಹದಲ್ಲಿ ಎರಕ ಹೊಯ್ದ ಬಾಗಿಲ ಹಿಡಿ, ಕಾರ್ಬ್ಯುರೇಟರ್, ಅಲ್ಯೂಮಿನಿಯಂ ಭಾಗಗಳು ಈ ಬಕೆಟ್ಟಿನ ಹತ್ತಿರ ಸುಳಿಯಬಾರದು.

ಹೈಡ್ರೋಕ್ಲೋರಿಕ್ ಆಮ್ಲ ಇನ್ನೂ ಬೇಗ ಎಂದು ಕೆಲವರು ಹೇಳುತ್ತಾರೆ. ಹೌದು, ಅದರ ಹಬೆ ಗ್ಯಾರೇಜಿನಲ್ಲಿರುವ ಸ್ಪ್ಯಾನರುಗಳಿಗೂ ಅಷ್ಟೇ ಬೇಗ ತುಕ್ಕು ಹಿಡಿಸುತ್ತದೆ.

ವಿದ್ಯುದ್ವಿಭಜನೆ ನನಗೆ ಎಲ್ಲಕ್ಕಿಂತ ಪ್ರಿಯವಾದದ್ದು, ಹಾಗಾಗಿ ಅದರ ಬಗ್ಗೆ ನನ್ನ ಮಾತನ್ನು ಸ್ವಲ್ಪ ಕಳೆದು ಓದಿಕೊಳ್ಳಿ. ನಾಲ್ಕು ಲೀಟರ್ ನೀರಿಗೆ ಒಂದು ದೊಡ್ಡ ಚಮಚ ವಾಷಿಂಗ್ ಸೋಡಾ, 12 ವೋಲ್ಟಿನ ಬ್ಯಾಟರಿ ಚಾರ್ಜರ್, ಬಲಿ ಕೊಡಲು ಒಂದಿಷ್ಟು ಹಳೆಯ ಉಕ್ಕು. ಶುಚಿಯಾಗಬೇಕಾದ ಭಾಗ ಋಣ ತುದಿಗೆ, ಬಲಿಯ ಉಕ್ಕು ಧನ ತುದಿಗೆ. ಇದು ಅದಲುಬದಲಾದರೆ ಕಾರಿನ ಭಾಗವೇ ಕರಗಲು ತೊಡಗುತ್ತದೆ. ಚಾರ್ಜರ್ ಹಳೆಯ ಮಾದರಿಯದಾಗಿರಬೇಕು. ಈಗಿನ ಚುರುಕು ಚಾರ್ಜರುಗಳಲ್ಲಿ ಅನೇಕವು ಬ್ಯಾಟರಿ ಕಾಣದಿದ್ದರೆ ವಿದ್ಯುತ್ ಹರಿಸುವುದೇ ಇಲ್ಲ. ಬಲಿಗೆ ಸ್ಟೇನ್‌ಲೆಸ್ ಉಕ್ಕು ಸರ್ವಥಾ ಬೇಡ, ಅದರಲ್ಲಿರುವ ಕ್ರೋಮಿಯಂ ವಿಷಕಾರಿ ರೂಪದಲ್ಲಿ ನೀರಿಗೆ ಸೇರುತ್ತದೆ. ಸೋಡಾದ ಬದಲು ಅಡುಗೆ ಉಪ್ಪನ್ನೂ ಹಾಕಬಾರದು, ಕ್ಲೋರಿನ್ ಬರುತ್ತದೆ. ಭಾಗದ ಮೈಯಿಂದ ಏಳುವ ಗುಳ್ಳೆಗಳು ಹೈಡ್ರೋಜನ್. ಗಾಳಿಯಾಡುವ ಕಡೆ ಇಡಿ, ಕಿಡಿ ಹತ್ತಿರ ಬಾರದಿರಲಿ, ತಂತಿ ಕಳಚುವ ಮೊದಲು ಸ್ವಿಚ್ ಆರಿಸಿ.

ಫಲ? ದಪ್ಪ ಪದರದ ತುಕ್ಕು ಕಪ್ಪು ಕೆಸರಾಗಿ ಬದಲಾಗಿ ಬ್ರಷ್ಷಿನ ಒಂದೆರಡು ಎಳೆತಕ್ಕೆ ಉದುರಿತು. ಅದರಡಿಯಲ್ಲಿ ಕಾರ್ಖಾನೆ ಒತ್ತಿದ ಭಾಗ ಸಂಖ್ಯೆ ಕಾಣಿಸಿಕೊಂಡಿತು. ತಂತಿ ಬ್ರಷ್ ತಾಗಿದ ಕೀಲುಗಳಲ್ಲಿ ಅದೇ ಅಂಕಿಗಳ ಅಂಚುಗಳು ಸವೆದು ಮಬ್ಬಾಗಿದ್ದವು. ಆರೋಗ್ಯವಾಗಿರುವ ಉಕ್ಕನ್ನು ಈ ವಿಧಾನ ತಿನ್ನುವುದಿಲ್ಲ, ಎರಡು ಗಂಟೆ ಹೆಚ್ಚಾದರೂ ನಷ್ಟವಿಲ್ಲ. ಆಮ್ಲದ ಮುಂದೆ ಇದರ ದೊಡ್ಡ ಗೆಲುವು ಇದೇ. ಸೋಲುವುದು ಸಂದಿಯಲ್ಲಿ. ಬಲಿಯ ಉಕ್ಕಿಗೆ ಎದುರಾಗಿರುವ ಮುಖ ಮಾತ್ರ ಚೆನ್ನಾಗಿ ಶುಚಿಯಾಗುತ್ತದೆ, ಮರೆಯಲ್ಲಿರುವುದು ಹಿಂದುಳಿಯುತ್ತದೆ. ಭಾಗವನ್ನು ತಿರುಗಿಸುತ್ತಿರಬೇಕು, ಇಲ್ಲವೇ ಸುತ್ತಲೂ ಉಕ್ಕಿನ ತುಂಡುಗಳನ್ನು ನಿಲ್ಲಿಸಬೇಕು.

ಆಮ್ಲಕ್ಕೂ ಇದಕ್ಕೂ ಸಮಾನವಾದ ಒಂದು ನಿಷೇಧವಿದೆ. ಹೈಡ್ರೋಜನ್ ಉಕ್ಕಿನೊಳಕ್ಕೆ ಸೇರಿದರೆ ಗಟ್ಟಿ ಉಕ್ಕು ಪೆಡಸಾಗಿ, ಭಾರ ಬಿದ್ದಾಗ ಸೀಳಬಹುದು. ತಲೆಯ ಮೇಲೆ 10.9 ಅಥವಾ 12.9 ಎಂದು ಕೆತ್ತಿರುವ ಬೋಲ್ಟುಗಳು, ಇಂಚಿನ ಅಳತೆಯ ಕಾರಾದರೆ ಆರು ಗೆರೆಗಳಿರುವ ಬೋಲ್ಟುಗಳು, ಸಸ್ಪೆನ್ಶನ್ ಸ್ಪ್ರಿಂಗುಗಳು, ಸೀಟ್ ಬೆಲ್ಟಿನ ಬೋಲ್ಟುಗಳು: ಇವನ್ನು ಬಕೆಟ್ಟಿಗೆ ಹಾಕುವುದಿಲ್ಲ. ಬೋಲ್ಟಾದರೆ ಹೊಸದನ್ನೇ ಹಾಕುತ್ತೇನೆ.

ತುಕ್ಕು ಪರಿವರ್ತಕದ ವಿಷಯ ಬೇಗ ಮುಗಿಸಬಹುದು. ಟ್ಯಾನಿಕ್ ಆಮ್ಲವಿರುವ ಈ ದ್ರವವನ್ನು ಬಳಿದರೆ ತುಕ್ಕು ನೋಡುತ್ತಿದ್ದಂತೆ ಕಡು ಕಪ್ಪಾಗುತ್ತದೆ, ಮನಸ್ಸಿಗೆ ಸಮಾಧಾನವೂ ಆಗುತ್ತದೆ. ಒಂದು ಮೊಳೆಯಿಂದ ಗೀರಿದೆ. ಕಪ್ಪು ಪದರದ ಅಡಿಯಲ್ಲಿ ಅದೇ ಕಂದು ಪುಡಿ. ತೆಳುವಾದ ತುಕ್ಕಿಗೆ ಇದು ಸರಿ, ದಪ್ಪ ತುಕ್ಕಿಗೆ ಬರೀ ಬಣ್ಣ. ಇದರ ಮೇಲೆ ಎಪಾಕ್ಸಿ ಪ್ರೈಮರ್ (ಬಣ್ಣದ ಅಡಿಗೆ ಹಚ್ಚುವ ಮೊದಲ ಪದರ) ಹೊಡೆಯುವ ಮೊದಲು ಪ್ರೈಮರಿನ ಸೂಚನೆ ಓದಿ. ಆಮ್ಲದ ಶೇಷದ ಮೇಲೆ ಹಚ್ಚಬೇಡಿ ಎಂದು ಹೇಳುವವು ಇವೆ. ನಾನು ಇದನ್ನು ಇಟ್ಟುಕೊಂಡಿರುವುದು ಕೈ ಹೋಗದ ಪೆಟ್ಟಿಗೆಯಾಕಾರದ ಪೊಳ್ಳುಗಳಿಗೆ ಮಾತ್ರ, ಅದೂ ಒಣಗಿದ ಮೇಲೆ ಒಳಗೆಲ್ಲ ಮೇಣ ಸಿಂಪಡಿಸುವ ಷರತ್ತಿನ ಮೇಲೆ.

ಕೀಲಿನ ತೀರ್ಪು ತಗಡಿಗೆ ಹಾಗೇ ಅನ್ವಯಿಸುವುದಿಲ್ಲ. ಇಡೀ ನೆಲದ ತಗಡನ್ನು ಬಕೆಟ್ಟಿನಲ್ಲಿ ಮುಳುಗಿಸಲಾಗದು. ಅಲ್ಲಿ ಯಂತ್ರವೇ ಗತಿ, ಆದರೆ ತಂತಿ ಬ್ರಷ್ಷಿಗಿಂತ ಬಣ್ಣ ಕೀಳುವ ನೈಲಾನ್ ಡಿಸ್ಕ್ ಎಷ್ಟೋ ವಾಸಿ. ಅದು ತಗಡನ್ನು ಕಡಿಮೆ ಕಾಯಿಸುತ್ತದೆ. ಮರಳಿನ ರಭಸದಿಂದ ತುಕ್ಕು ಹಾರಿಸುವ ಬ್ಲಾಸ್ಟಿಂಗ್ ಗುಳಿಗಳ ತಳದವರೆಗೂ ಹೋಗುತ್ತದೆ ನಿಜ. ಆದರೆ ಅದು ಕೇಳುವಷ್ಟು ಗಾಳಿಯನ್ನು ಮನೆಯ ಸಣ್ಣ ಕಂಪ್ರೆಸರ್ ಕೊಡಲಾರದು, ಒಂದು ಮಿಲಿಮೀಟರಿನಷ್ಟೂ ದಪ್ಪವಿಲ್ಲದ ಬಾನೆಟ್ ಅಲೆಅಲೆಯಾಗಿ ಸೊಟ್ಟಗಾಗಬಹುದು, ನಿಜವಾದ ಮರಳನ್ನೇ ಬಳಸಿದರೆ ಅದರ ದೂಳು ಶ್ವಾಸಕೋಶಕ್ಕೆ ಸಿಲಿಕೋಸಿಸ್ ತರುತ್ತದೆ. ಚಾಸಿಸ್ಸಿನಂಥ ದಪ್ಪ ಉಕ್ಕಿದ್ದರೆ ಹೊರಗೆ ಕೊಟ್ಟು ಮಾಡಿಸುತ್ತೇನೆ. ಎರಡು ತಗಡುಗಳನ್ನು ಸ್ಪಾಟ್ ವೆಲ್ಡ್ ಮಾಡಿದ ಜೋಡಣೆಗಳ ನಡುವೆ ತುಕ್ಕು ಸೇರಿ ಉಬ್ಬಿದ್ದರೆ ಈ ಯಾವುದೂ ಉಪಯೋಗಕ್ಕೆ ಬಾರದು. ಸ್ಕ್ರೂಡ್ರೈವರಿನ ತುದಿ ಒತ್ತಿ ನೋಡಿ. ಒಳಕ್ಕೆ ಇಳಿದರೆ ಕತ್ತರಿಸಿ ಹೊಸ ತಗಡನ್ನೇ ಬೆಸೆಯಬೇಕು.

ಈಗ ನನ್ನ ಗ್ಯಾರೇಜಿನಲ್ಲಿ ನಡೆಯುತ್ತಿರುವ ಕ್ರಮ ಹೀಗಿದೆ. ಸಂದಿ, ತೂತು, ತಿರುಪಿನ ಎಳೆಗಳಿರುವ ಸಣ್ಣ ಭಾಗ ಸಿಟ್ರಿಕ್ ಬಕೆಟ್ಟಿಗೆ. ಪದರ ಪದರವಾಗಿ ತುಕ್ಕೆದ್ದ ಬ್ರಾಕೆಟ್, ಹಳೆಯ ಜ್ಯಾಕ್ ಮುಂತಾದವು ಸೋಡಾ ತೊಟ್ಟಿಗೆ. ಎರಡರಿಂದಲೂ ಹೊರಬಂದ ಉಕ್ಕು ಕಣ್ಣೆದುರೇ ಹಳದಿಗಟ್ಟಲು ತೊಡಗುತ್ತದೆ, ಆದ್ದರಿಂದ ಒಣಗಿಸಿ, ಸ್ಯಾಂಡ್‌ಪೇಪರ್ ಆಡಿಸಿ, ಅದೇ ದಿನ ಪ್ರೈಮರ್. ಪೆಟ್ರೋಲ್ ಟ್ಯಾಂಕಿನ ಒಳಗಿಗೂ ಸಿಟ್ರಿಕ್ಕೇ: ಅಲ್ಲಿ ಬ್ರಷ್ ಹೋಗುವುದಿಲ್ಲ, ಹಳೆಯ ಪೆಟ್ರೋಲಿನ ಆವಿ ಇರುವ ಟ್ಯಾಂಕಿನ ಬಳಿ ಗ್ರೈಂಡರಿನ ಕಿಡಿಯಾಗಲಿ ಚಾರ್ಜರಿನ ತಂತಿಯಾಗಲಿ ತರುವ ಧೈರ್ಯ ನನಗಿಲ್ಲ. ಹಿಡಿಯಷ್ಟು ಹಳೆಯ ನಟ್ಟುಗಳನ್ನು ಎಣಿಸಿ ಒಳಗೆ ಹಾಕಿ ಅಲುಗಾಡಿಸಿದರೆ ಗಟ್ಟಿ ತುಕ್ಕು ಸಡಿಲವಾಗುತ್ತದೆ. ತೊಳೆದು ಹೊರತೆಗೆಯುವಾಗ ನಟ್ಟುಗಳನ್ನು ಮತ್ತೆ ಎಣಿಸಿಕೊಳ್ಳಿ.