ಆಯುಷ್ಮಾನ್, ಯಶಸ್ವಿನಿ, ಖಾಸಗಿ ಪಾಲಿಸಿ: ಊರಲ್ಲಿರುವ ಅಪ್ಪ-ಅಮ್ಮನಿಗೆ ಯಾವುದು?

ಮೊದಲು ರೇಷನ್ ಕಾರ್ಡ್ ತೆಗೆದು ನೋಡಿ. ಬಿಪಿಎಲ್ ಆಗಿದ್ದರೆ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ, ಪ್ರೀಮಿಯಂ ಸೊನ್ನೆ. ಎಪಿಎಲ್ ಆದರೆ ಲೆಕ್ಕ ಬೇರೆ: ಪ್ಯಾಕೇಜ್ ದರದ (ಆ ಚಿಕಿತ್ಸೆಗೆ ಸರ್ಕಾರ ಗೊತ್ತುಮಾಡಿದ ದರ) ಶೇ 30 ಮಾತ್ರ ಸರ್ಕಾರದ್ದು, ಅದೂ ವರ್ಷಕ್ಕೆ 1.5 ಲಕ್ಷದೊಳಗೆ. ಉಳಿದದ್ದು ನಿಮ್ಮ ಜೇಬಿಂದ.

ಎಪಿಎಲ್ ಮನೆಯವರು ಹಾಲಿನ ಡೇರಿಗೋ ಸೊಸೈಟಿಗೋ ಸದಸ್ಯರಾಗಿದ್ದರೆ, ಸಹಕಾರ ಸಂಘದ ಸದಸ್ಯರಿಗೆಂದೇ ಇರುವ ರಾಜ್ಯದ ಆರೋಗ್ಯ ಯೋಜನೆ ಯಶಸ್ವಿನಿಯೇ ಲಾಭ. 2022ರಲ್ಲಿ ಅದು ಮತ್ತೆ ಶುರುವಾದಾಗ ಹಳ್ಳಿಯ ನಾಲ್ಕು ಜನರ ಕುಟುಂಬಕ್ಕೆ ವಾರ್ಷಿಕ 500 ರೂಪಾಯಿ, ಮಿತಿ 5 ಲಕ್ಷ. ಇಷ್ಟು ದುಡ್ಡಿಗೆ ಈಗ ಏನು ಬರುತ್ತೆ ಹೇಳಿ! ಆದರೆ ನೋಂದಣಿ ವರ್ಷವಿಡೀ ತೆರೆದಿರುವುದಿಲ್ಲ; ಸಂಘದ ಕಾರ್ಯದರ್ಶಿಯ ಬೆನ್ನು ಬಿಡಬೇಡಿ.

ಓಡಾಟದ ವಿಷಯಕ್ಕೆ ಬಂದರೆ ಆಯುಷ್ಮಾನ್ ಸ್ವಲ್ಪ ಸತಾಯಿಸುತ್ತೆ. ತುರ್ತು ಇಲ್ಲದಿದ್ದರೆ ಮೊದಲು ಸರ್ಕಾರಿ ಆಸ್ಪತ್ರೆ. ಅಲ್ಲಿ ಆಗದಿದ್ದರೆ ಮಾತ್ರ ಬೇರೆ ಆಸ್ಪತ್ರೆಗೆ ಕಳಿಸುವ ರೆಫರಲ್ ಚೀಟಿ. ನಮ್ಮ ಚಿಕ್ಕಪ್ಪ ಎರಡು ದಿನ ಬೆಳಗ್ಗೆ ಸಾಲಲ್ಲಿ ನಿಂತರು. ಮೊದಲ ದಿನ ಆಧಾರ್‌ನ ಇನಿಷಿಯಲ್ಲೂ ರೇಷನ್ ಕಾರ್ಡಿನದ್ದೂ ತಾಳೆಯಾಗಲಿಲ್ಲವೆಂದು ವಾಪಸ್. ಆಪರೇಷನ್ನಿಗೆ ಮಾತ್ರ ಒಂದು ಪೈಸೆ ಬಿಚ್ಚಲಿಲ್ಲ, ಅದನ್ನೂ ಹೇಳಬೇಕು.

ಚೀಟಿಯ ಗೋಜಿಲ್ಲದೆ ಬೇಕಾದ ಆಸ್ಪತ್ರೆ, ಬೇಕಾದ ರೂಮು ಬೇಕೆನ್ನುವವರಿಗೆ ಖಾಸಗಿ ಪಾಲಿಸಿ. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಪಾಲಿಸಿಗೆ ಜಿಎಸ್‌ಟಿ ಇಲ್ಲ. ಆದರೂ ಅರವತ್ತು ದಾಟಿದವರ ಪ್ರೀಮಿಯಂ ಕೈ ಸುಡುತ್ತೆ. ಮೊದಲೇ ಇರುವ ಕಾಯಿಲೆಗೆ 36 ತಿಂಗಳವರೆಗೂ ಕಾಯಿಸಬಹುದು. ಹಾಗಾಗಿ ಸಕ್ಕರೆ ಕಾಯಿಲೆ ಹಿಡಿಯುವ ಮುನ್ನ, ನಲವತ್ತರಲ್ಲೇ ಮಾಡಿಸಿಕೊಂಡವರಿಗೆ ಇದು ಒಗ್ಗುತ್ತೆ. ಅಮ್ಮನ ದಿನನಿತ್ಯದ ಬಿಪಿ ಮಾತ್ರೆಗೆ ಈ ಮೂರನ್ನೂ ನೆಚ್ಚಿಕೊಳ್ಳಬೇಡಿ, ಅದಕ್ಕೆ ಊರಿನ ಪ್ರಾಥಮಿಕ ಆರೋಗ್ಯ ಕೇಂದ್ರವೇ ಸರಿ.